ಸೀರೆಯ ಕೆಂಪು ಅಂಚು

ವಾರಿಜಾ ಹಲ್ಲಿನಿಂದ ಕಚ್ಚಿ ಸೀರೆಯ ಕೆಂಪು ಅಂಚನ್ನು ಪರ್ರನೆ ಹರಿದಾಗ ಭಾಗೀರಥಮ್ಮ ಅವಳ ಕೈ ಹಿಡಿದು ತಡೆದರು.

"ನಿನ್ನನ್ನ ಮದುವೆಯಾಗೋ ಹುಡುಗ, ಸುಂದರ, ಕೊಡ್ಸಿದ ಸೀರೆ ಕಣೇ ಅದು. ಉಡೋದಕ್ಕೂ ಮನಸ್ಸು ಬರ್ದೆ ಮಡಚಿ ಇಟ್ಕೊಂಡಿದ್ದೆಯಲ್ಲ."

"ಅವರಿಗಾಗಿಯೇ ಹರಿಯುವುದು ಅಕ್ಕ. ಇಲ್ಲದಿದ್ರೆ ನಾಳೆ ಈ ಮನೆ ಅವರಿಗೆ ಸಿಗುವುದು ಹೇಗೆ?"

ಅವಳು ಹೇಳಿದ್ದೂ ಸರಿಯೇ. ಇರಾಕಿ ಸೈನ್ಯ ಕುವೈತಿಗೆ ನುಗ್ಗಿ ತಿಂಗಳು ದಾಟಿತ್ತು. ಹುಡುಕಿ ಬರುವ ಸೈನಿಕರಿಗೆ ಯಾರ ಮನೆಯೂ ಸಿಗಬಾರದೆಂದು ಕುವೈತಿ ಹುಡುಗರು ಸಾಲ್ಮಿಯಾದ ಬೀದಿಗಳ ಹೆಸರಿನ ಫಲಕಗಳನ್ನೆಲ್ಲ ಕಿತ್ತು, ಮನೆ ನಂಬರುಗಳಿಗೆ ಕಪ್ಪು ಬಣ್ಣ ಬಳಿದಿದ್ದರು. ಅವರ ಜೊತೆ ಸುಂದರನೂ ಸೇರಿಕೊಂಡಿದ್ದ. ಕಾರ್ಕಳದಿಂದ ಬಂದ ಅಡುಗೆಯವನಿಗೆ ಇದೆಲ್ಲ ಯಾಕೆ ಎಂದು ಕೇಳಿದರೆ, ಇಷ್ಟು ವರ್ಷ ಇಲ್ಲಿಯ ಉಪ್ಪು ತಿಂದಿಲ್ಲವಾ ಎಂದು ನಕ್ಕುಬಿಡುತ್ತಿದ್ದ. ಆ ಕೆಲಸ ಅವನ ಕೈಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಗೋಡೆಯ ಮೇಲೆ ಸಾಬೂನಿನ ಜಾಹೀರಾತು ಕಂಡರೂ ಮಾತಾಡುತ್ತಲೇ ಉಗುರಿನಿಂದ ಕೆರೆದು ತೆಗೆಯುತ್ತಿದ್ದ.

ಯುದ್ಧಕ್ಕೆ ಮೊದಲು ಅವನು ಫೈಲಕಾ ದ್ವೀಪದಲ್ಲಿ, ಗ್ರೀಕರ ಹಳೆಯ ಗುಡಿಯನ್ನು ಅಗೆಯುತ್ತಿದ್ದವರಿಗೆ ಅಡುಗೆ ಮಾಡುತ್ತಿದ್ದ. ಅವರಿಂದ ಕೇಳಿದ ಕಥೆಗಳನ್ನು ಶುಕ್ರವಾರಗಳಂದು ಕಡಲ ದಂಡೆಯಲ್ಲಿ ಉಪ್ಪುಖಾರ ಹಚ್ಚಿ ವಾರಿಜಳಿಗೆ ಹೇಳುತ್ತಿದ್ದ. ಒಳಹೊಕ್ಕವರು ಹೊರಬರಲಾಗದ ಅರಮನೆ, ಅದರೊಳಗೆ ಗೂಳಿ ತಲೆಯ ರಾಕ್ಷಸ. ಅದನ್ನು ಕೊಲ್ಲಲು ಹೋದವನ ಕೈಗೆ ಅರಿಯಾಡ್ನೆ ಎಂಬ ರಾಜಕುಮಾರಿ ನೂಲಿನುಂಡೆ ಕೊಟ್ಟಳಂತೆ. ಆ ನೂಲು ಹಿಡಿದೇ ಅವನು ಅವಳ ಬಳಿಗೆ ಬಂದನಂತೆ. ಆಮೇಲೆ ಅವಳನ್ನು ಒಂದು ದ್ವೀಪದಲ್ಲಿ ಬಿಟ್ಟು ಹೋದದ್ದನ್ನು ಸುಂದರ ಹೇಳಿರಲಿಲ್ಲ. ಮದುವೆಯಾಗುವ ಹುಡುಗಿಗೆ ಅದನ್ನೆಲ್ಲ ಯಾರು ಹೇಳುತ್ತಾರೆ?

ವಾರಿಜಾ ಇದ್ದ ಕಟ್ಟಡವನ್ನು ಸೈನಿಕರು ದೋಚಿದ ಮೇಲೆ ಅವಳು ಭಾಗೀರಥಮ್ಮನ ಮನೆ ಸೇರಿದ್ದಳು. ಸುಂದರ ಈ ಮನೆ ನೋಡಿರಲೇ ಇಲ್ಲ. ಮರುದಿನ ಭಾರತೀಯರನ್ನು ಊರಿನ ವಿಮಾನಕ್ಕೆಂದು ಜೋರ್ಡಾನಿನ ಅಮ್ಮಾನಿಗೆ ಒಯ್ಯುವ ಬಸ್ಸು. ಬೇಡ ಬೇಡ ಎನ್ನುತ್ತಿದ್ದವನು ಕೊನೆಗೂ ಅವಳ ಜೊತೆ ಹೊರಡಲು ಒಪ್ಪಿದ್ದ. ಮೂಲೆಯ ರೊಟ್ಟಿ ಅಂಗಡಿಯಿಂದ ಕೆಂಪು ಬಟ್ಟೆ ನೋಡಿಕೊಂಡು ಬರಬೇಕೆಂದು ಅವಳು ಇಬ್ಬರಿಗೂ ಪರಿಚಯವಿದ್ದ ಡ್ರೈವರ್ ಮುತ್ತಲಿಬನ ಬಳಿ ಹೇಳಿ ಕಳಿಸಿದಳು. ಸಂಜೆ ಪ್ರತಿ ತಿರುವಿನಲ್ಲೂ ಅಂಚಿನ ಒಂದೊಂದು ಚೂರು ಕಟ್ಟಿ ಬಂದಳು.

ಬೆಳಿಗ್ಗೆ ಬಾಗಿಲು ತಟ್ಟಿದ್ದು ಒಬ್ಬ ಇರಾಕಿ ಅಧಿಕಾರಿ. ಹಿಂದೆ ಇಬ್ಬರು ಸೈನಿಕರಿದ್ದರು; ಜೀಪನ್ನು ಹಿಂದಿನ ಓಣಿಯಲ್ಲಿ ನಿಲ್ಲಿಸಿ ಬಂದಿದ್ದರು. ಒಂದೂ ಗುರುತು ಉಳಿಯದ ಬೀದಿಗಳಲ್ಲಿ ಕೆಂಪು ಬಟ್ಟೆ ಕಟ್ಟಿದರೆ ಅದು ಸುಂದರನೊಬ್ಬನಿಗೇ ಕಾಣುವುದಿಲ್ಲ ಎಂಬುದು ವಾರಿಜಳಿಗೆ ಆಗ ಹೊಳೆಯಿತು.

ಶರ್ಕ್ ಬಡಾವಣೆಯಲ್ಲಿ ತಾನು ಕೆಲಸಕ್ಕಿದ್ದ ಆಫೀಸಿನಲ್ಲಿ ಕಲಿತ ಅರಬಿಯಲ್ಲಿ ಅವಳು ಇದ್ದದ್ದನ್ನೇ ಹೇಳಿದಳು. ಮದುವೆಯಾಗಬೇಕಾದವನು, ದಾರಿ ತಪ್ಪಬಾರದೆಂದು ಕಟ್ಟಿದೆ, ಇವತ್ತು ನಮ್ಮ ಬಸ್ಸು. ಅಧಿಕಾರಿ ಕಟ್ಟಿಟ್ಟ ಚೀಲಗಳನ್ನು ನೋಡಿದ, ಅವಳ ಪಾಸ್‌ಪೋರ್ಟು ತಿರುವಿದ. ಬರುವವನು ಭಾರತೀಯನೇ ಆಗಿದ್ದರೆ ಇಬ್ಬರೂ ಹೋಗಬಹುದು ಎಂದು ಕುರ್ಚಿ ಎಳೆದು ಕುಳಿತ. ವಾರಿಜಳಿಗೆ ಹೋದ ಜೀವ ಬಂದಂತಾಯಿತು. ಭಾಗೀರಥಮ್ಮ ಚಹಾ ಕಾಸಿ ಕೊಟ್ಟರು.

ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾಯಿತು. ಸುಂದರ ತೆರೆದ ಬಾಗಿಲಿನಿಂದ ಒಳಗೆ ಬಂದು, ಸೈನಿಕರನ್ನು ಕಂಡು ನಿಂತ. ಅವನ ಬಲಗೈಯಲ್ಲಿ ಕೆಂಪು ಚೂರುಗಳೆಲ್ಲ ಸುರುಳಿ ಸುತ್ತಿಕೊಂಡಿದ್ದವು. ತಿರುವು ತಿರುವಿನಲ್ಲೂ ಬಿಚ್ಚಿಕೊಂಡೇ ಬಂದಿದ್ದ.

ಅಧಿಕಾರಿ ಲೋಟ ಕೆಳಗಿಟ್ಟ. ಬಸ್ಸಿಗೆ ಹೊರಟವನು ಗುರುತು ನೋಡಿಕೊಂಡು ಬರುತ್ತಾನೆ, ಅಳಿಸಿಕೊಂಡು ಯಾಕೆ ಬಂದೆ ಎಂದು ಕೇಳಿದ. ಸುಂದರ ಕೈ ಬೆನ್ನ ಹಿಂದೆ ಸರಿಸಿದ. ಅಧಿಕಾರಿ ಎದ್ದು ಅವನ ಕೈ ತಿರುಗಿಸಿ ನೋಡಿದ. ಉಗುರುಗಳ ಸಂದಿಯಲ್ಲಿ ಕಪ್ಪು ಬಣ್ಣವಿತ್ತು.

"ನಾನೇ ನಿಮ್ಮನ್ನು ಹಿಡಿದುಕೊಟ್ಟ ಹಾಗಾಯ್ತು," ಎಂದಳು ವಾರಿಜಾ, ತುಳುವಿನಲ್ಲಿ.

"ಇಲ್ಲ ಮಾರಾಯ್ತಿ. ನಿನ್ನ ಮನೆ ಯಾರಿಗೂ ಗೊತ್ತಾಗುವುದು ಬೇಡ ಅಂತ ಬಿಚ್ಚಿದೆ. ನೀನು ಬಸ್ಸು ಹತ್ತು."

ಬಟ್ಟೆಯ ಸುರುಳಿಯನ್ನು ಅವಳ ಕೈಯಲ್ಲಿಟ್ಟ. ಸೈನಿಕರು ಅವನನ್ನು ಕರೆದುಕೊಂಡು ಹೋದರು.

ವಾರಿಜಾ ಬರಿಗಾಲಲ್ಲಿ ಕೆಳಗೆ ಓಡಿದಳು. ಬಸ್ಸಿಗೆ ಹೊತ್ತಾಯಿತೆಂದು ಭಾಗೀರಥಮ್ಮ ಮೇಲಿನಿಂದ ಕೂಗುತ್ತಿದ್ದರು. ರೊಟ್ಟಿ ಅಂಗಡಿಯ ಮೂಲೆಗೆ ಬರುವಷ್ಟರಲ್ಲಿ ಜೀಪು ಮರೆಯಾಗಿತ್ತು. ಅದು ಯಾವ ಬೀದಿಗೆ ತಿರುಗಿತೆಂದು ಅಂಗಡಿಯವನನ್ನು ಕೇಳಿದಳು. ಅವನು ಕೈ ತೋರಿಸಿದ, ಹೆಸರು ಹೇಳಲಿಲ್ಲ. ಆ ಬೀದಿಯ ಮೊದಲ ಗೋಡೆಯ ಮೇಲೆ, ಫಲಕ ಇದ್ದ ಜಾಗ ಬಿಸಿಲು ತಾಗದೆ ಬೆಳ್ಳಗೆ ಉಳಿದಿತ್ತು.