ಗದ್ದೆಮ್ಮನ ಪಾಲಿನ ಹಾಡು

ಗಿಲ್ಲೆಸುಗೂರಿನ ಉರುಕುಂದಪ್ಪ ಧಾರವಾಡದಲ್ಲಿ ಸಂಗೀತದ ಎಂ.ಎ. ಮುಗಿಸಿ, ೧೯೮೪ರಲ್ಲಿ ಬೀಸುವ ಪದಗಳ ಮೇಲೆ ಸಂಶೋಧನೆಗೆ ನಿಂತ. ಪದಗಳನ್ನು ಟೇಪಿಗೆ ತುಂಬಿಕೊಂಡು ಬಂದು, ಅವುಗಳಿಂದಲೇ ಒಂದು ಹೊಸ ಸಂಯೋಜನೆ ಕಟ್ಟಬೇಕಿತ್ತು. ಹುಡುಕುತ್ತ ಹೋದಾಗ ಮಾನ್ವಿ ತಾಲೂಕಿನ ಮಲ್ಲಟದಲ್ಲಿ ಯಮನಮ್ಮ ಸಿಕ್ಕಳು.

ಮುದುಕಿ ಒಂದು ನುಡಿ ಹಾಡಿ ಸುಮ್ಮನಾಗುತ್ತಿದ್ದಳು. ಬೀಸುಕಲ್ಲು ಮಾತ್ರ ತಿರುಗುತ್ತಿತ್ತು. ಒಂದು ನುಡಿಯಷ್ಟು ಹೊತ್ತು ಬಿಟ್ಟು ಮತ್ತೆ ಹಾಡುತ್ತಿದ್ದಳು.

"ನಡುವ ಯಾಕ ನಿಲ್ಲಸ್ತಿ, ಯವ್ವಾ?"

"ಅದು ಗದ್ದೆಮ್ಮನ ಪಾಲು. ನನ್ನ ನೆಗೆಣ್ಣಿ, ಮೈದುನನ ಹೇಣ್ತಿ. ಎದುರಿಗಿ ಕುಂತು ಹಾಡತಿದ್ಲು. ಬಾಣಂತನದಾಗ ಸತ್ಲು." ಹೊಸ್ತಿಲ ಮೇಲೆ ಕೂತಿದ್ದ ಮುದುಕಪ್ಪ ಮಾಸ್ತರನತ್ತ ಕೈ ತೋರಿಸಿದಳು. "ಆಕಿ ಮಗನ್ನ ನಾನೇ ಜ್ವಾಪಾನ ಮಾಡಿದೆ."

"ಆಕಿ ಏನ್ ಹಾಡತಿದ್ಲು?"

"ನೆಪ್ಪಿಲ್ಲಪಾ."

ಆ ಖಾಲಿ ಜಾಗಗಳಿಗೆ ನುಡಿ ಕಟ್ಟುವುದೇ ತನ್ನ ಸಂಯೋಜನೆ ಎಂದುಕೊಂಡ ಉರುಕುಂದಪ್ಪ. ರಾಯಚೂರಿನ ಬಾಡಿಗೆ ಕೋಣೆಯಲ್ಲಿ ಕೂತು, ಹೆಡ್‌ಫೋನಿನಲ್ಲಿ ಯಮನಮ್ಮನ ಹಾಡು ಕೇಳುತ್ತ, ಅವಳು ಸುಮ್ಮನಾದಲ್ಲೆಲ್ಲ ತನ್ನ ನುಡಿ ಹಾಡಿದ. ಮಳೆ, ತವರು, ಜೋಳದ ತೆನೆ, ಇಂಥವೇ ಮಾತುಗಳು. ತನ್ನ ದನಿಯೊಂದನ್ನೇ ಇನ್ನೊಂದು ಟೇಪಿಗೆ ತುಂಬಿಕೊಂಡ. ಎರಡನ್ನೂ ಕೂಡಿಸುವ ಮೊದಲು ಒಮ್ಮೆ ಅವಳ ಎದುರಿಗೇ ಹಚ್ಚಿ ನೋಡೋಣವೆಂದು ಮಲ್ಲಟಕ್ಕೆ ಹೋದ.

ಮಧ್ಯಾಹ್ನವಾಗಿತ್ತು. ಯಮನಮ್ಮ ಬೀಸುತ್ತ ಹಾಡಿದಳು, ಟೇಪು ಎದುರು ಹಾಡಿತು. ಮೊದಮೊದಲ ನುಡಿಗಳು ಚೆನ್ನಾಗಿಯೇ ಕೂಡಿದವು. ಆಮೇಲೆ ಅವಳು ಪದದಲ್ಲಿ ಇಲ್ಲದ್ದೊಂದನ್ನು ಹಾಡಿದಳು:

"ನಿನ ಕೂಸಿಗಿ ಹಾಲ ಕೊಟ್ಟೀನ ನೆಗೆಣ್ಣಿ,
ನನ ಮ್ಯಾಲ ಸಿಟ್ಟ ಇಟ್ಟೀಯೇನ?"

ಟೇಪಿನಿಂದ ಉತ್ತರ ಬಂತು:

"ಸಿಟ್ಟ ಯಾತರದಕ್ಕ, ನನ ಕೂಸು ಕುಡದದ್ದು
ನಿನ ಕೂಸಿನ ಪಾಲ, ನಾ ಬಲ್ಲೆ."

ದನಿ ಉರುಕುಂದಪ್ಪನದೇ. ಆದರೆ ಆ ಮಾತು ಅವನು ಕಟ್ಟಿದ್ದಲ್ಲ, ಹಾಡಿದ್ದೂ ಅಲ್ಲ. ಕಲ್ಲು ನಿಂತಿತು. ಅವನು ಟೇಪು ಬಂದ್ ಮಾಡಿದ.

"ಸರ್, ಇದನ್ನ ನಿಮಗ ಯಾರ್ ಹೇಳಿದ್ರು?" ಮುದುಕಪ್ಪ ಎದ್ದು ನಿಂತಿದ್ದ.

"ಯಾರೂ ಹೇಳಿಲ್ರಿ. ನಾ ಇದನ್ನ ಹಾಡೇ ಇಲ್ಲ."

"ದನಿ ನಿಮ್ದೇ ಅದಲ್ರಿ!" ಎಂದವನು ಯಮನಮ್ಮನ ಕಡೆ ತಿರುಗಿದ. "ಯವ್ವಾ, ನಿನಗೊಂದು ಕೂಸು ಇತ್ತೇನು?"

ಯಮನಮ್ಮ ಹಿಟ್ಟು ಬಳಿಯುತ್ತಲೇ ಹೇಳಿದಳು. "ಹೆಣ್ಣು ಕೂಸು. ಇಬ್ಬರಿಗೂ ಆಗೋವಷ್ಟು ಹಾಲ ಇರಲಿಲ್ಲಪಾ. ತಾಯಿಲ್ಲದ್ದು ಅಂತ ಮೊದಲ ನಿನಗ ಕೊಡತಿದ್ದೆ. ಅದು ಉಳೀಲಿಲ್ಲ. ಇದನ್ನ ಯಾರಿಗೂ ಹೇಳಿಲ್ಲ ನಾ."

ಮುದುಕಪ್ಪ ಬಂದು ಅವಳ ಬಳಿ ಕೂತ. ಅವಳು ಉರುಕುಂದಪ್ಪನನ್ನು ನೋಡಿದಳು. "ಬಂದ್ ಯಾಕ ಮಾಡಿದಿ, ಯಪ್ಪಾ? ಆಕಿ ಇನ್ನಾ ಹಾಡಾಕತ್ತಿದ್ಲು."

ಉರುಕುಂದಪ್ಪ ರಾಯಚೂರಿಗೆ ಬಂದು ಬಾಗಿಲು ಹಾಕಿಕೊಂಡು ಟೇಪು ಕೇಳಿದ. ನುಡಿ ಅಲ್ಲೇ ಇತ್ತು. ಉಸಿರು ಎಳೆಯುವ ರೀತಿಯೂ ಅವನದೇ. ಹಿಂದೆ ಬೀಸುಕಲ್ಲಿನ ಸದ್ದು. ಅವನ ಕೋಣೆಯಲ್ಲಿ ಬೀಸುಕಲ್ಲು ಇರಲಿಲ್ಲ. ಟೇಪನ್ನು ಅಲ್ಲಿಗೇ ನಿಲ್ಲಿಸಿದ, ಮುಂದಿನದನ್ನು ಕೇಳಲಿಲ್ಲ.

ಸಂಯೋಜನೆಯಲ್ಲಿ ಖಾಲಿ ಜಾಗಗಳನ್ನು ಹಾಗೆಯೇ ಬಿಟ್ಟು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ. ಅಪೂರ್ಣವೆಂದು ತಿದ್ದಲು ವಾಪಸು ಬಂತು. ಅವನು ತಿದ್ದಲಿಲ್ಲ. ವಾದಿಸಿ ವಾದಿಸಿ, ತಡವಾಗಿ ಪದವಿ ಪಡೆದ.

ಆ ನಡುವೆ ಒಂದು ದಿನ ಮುದುಕಪ್ಪ ರಾಯಚೂರಿಗೆ ಬಂದ.

"ಯವ್ವಗ ಉಳದದ್ದು ಕೇಳಬೇಕಂತರೀ. ಹಟ ಹಿಡದಾಳ."

ಉರುಕುಂದಪ್ಪ ಕ್ಯಾಸೆಟ್ ತೆಗೆದುಕೊಟ್ಟ.

"ಇನ್ನಾ ಎಷ್ಟು ಅದ ಸರ್, ಇದರಾಗ?"

"ಮಾಸ್ತರೇ, ನಾ ಹಾಡಿದ್ದು ಎಷ್ಟು ಅಂತ ಹೇಳಬಲ್ಲೆ. ಇದರಾಗ ಎಷ್ಟು ಅದ ಅನ್ನೋದು ನನಗ ಗೊತ್ತಿಲ್ರಿ."