ಬುಷ್ತಾನ ಭಟ್ಟಿಯಲ್ಲಿ ರೊಟ್ಟಿ ಸುಟ್ಟ ದಿನ

ಫೆಸ್ ಪಟ್ಟಣದ ಹಳೇ ಕೋಟೆಯೊಳಗೆ, ಚರ್ಮ ಹದ ಮಾಡುವವರ ಓಣಿಗೆ ಇಳಿಯುವ ಮೆಟ್ಟಿಲ ಪಕ್ಕ ಬುಷ್ತಾನ ರೊಟ್ಟಿ ಭಟ್ಟಿ. ಬೆಳಿಗ್ಗೆ ಅವನ ಬೈಗುಳ ಕೇಳಿಸದಿದ್ದರೆ ಇವತ್ತು ಭಟ್ಟಿಗೆ ರಜೆಯೇನೋ ಅಂದುಕೊಳ್ಳುತ್ತಿದ್ದರು ಜನ. ಸೌದೆ ಹಸಿಯಾಗಿದ್ದರೆ ಸೌದೆಯವನಿಗೆ ಬೈಯುತ್ತಿದ್ದ, ಕತ್ತೆ ಅಡ್ಡ ನಿಂತರೆ ಕತ್ತೆಗೆ ಬೈಯುತ್ತಿದ್ದ, ಯಾರೂ ಸಿಗದಿದ್ದರೆ ತನ್ನ ಮಂಡಿಗೇ ಬೈದುಕೊಳ್ಳುತ್ತಿದ್ದ. ವಯಸ್ಸು ಅರವತ್ತು. ಹೆಂಡತಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮಕ್ಕಳಿಲ್ಲ, ಮಕ್ಕಳನ್ನು ಕಂಡರೆ ಆಗುತ್ತಲೂ ಇರಲಿಲ್ಲ.

ಕೆಲಸದಲ್ಲಿ ಮಾತ್ರ ಅವನನ್ನು ಸರಿಗಟ್ಟುವವರು ಯಾರೂ ಇರಲಿಲ್ಲ. ನಲವತ್ತು ಮನೆಗಳಿಂದ ಹಲಗೆ ಮೇಲೆ ಬಟ್ಟೆ ಮುಚ್ಚಿಕೊಂಡು ಹಸಿ ರೊಟ್ಟಿ ಬರುತ್ತಿತ್ತು, ಒಂದಕ್ಕೂ ಗುರುತಿಲ್ಲ. ಆದರೂ ಬೆಂದ ಮೇಲೆ ಒಂದೇ ಒಂದು ರೊಟ್ಟಿ ಅದಲುಬದಲಾದದ್ದಿಲ್ಲ. ನಾದಿದ ಕೈ ಯಾವುದು ಅಂತ ಹಿಟ್ಟು ನೋಡಿದ ಕೂಡಲೇ ಹೇಳುತ್ತಿದ್ದ. ಯಾವ ಮನೆಗೆ ನೆಂಟರು ಬಂದಿದ್ದಾರೆ, ಯಾರು ಹಾಸಿಗೆ ಹಿಡಿದಿದ್ದಾರೆ, ಎಲ್ಲವೂ ಅವನಿಗೆ ಗೊತ್ತಾಗುತ್ತಿತ್ತು. ಅದಕ್ಕೇ ಗಂಡಿನ ಕಡೆಯವರು ಹೆಣ್ಣು ಕೇಳುವ ಮೊದಲು ಆ ಓಣಿಯ ಭಟ್ಟಿಯವನನ್ನು ಒಂದು ಮಾತು ವಿಚಾರಿಸುವುದು ಅಲ್ಲಿನ ಪದ್ಧತಿ.

ಸಾದಿಯಾಳ ಮನೆಯ ಹಲಗೆ ಹೊತ್ತು ಬರುತ್ತಿದ್ದವಳು ಬತೂಲ್. ಬಂದಾಗ ಏಳು ವರ್ಷದ ಪೋರಿ. ತೌನಾತ್ ಕಡೆಯ ಗುಡ್ಡದೂರಿನ ತಂಗಿ ಮಗಳು ಅಂತ ಸಾದಿಯಾ ಹೇಳಿದ್ದಳು. ಓಣಿ ಹೂಂ ಅಂದಿತ್ತು.

“ಅಜ್ಜಾ, ನಮ್ಮ ರೊಟ್ಟಿ ಮೊದಲು ಹಾಕು,” ಅಂದಿದ್ದಳು ಬಂದ ಮೊದಲ ದಿನವೇ.

“ಯಾರೇ ನಿಂಗೆ ಅಜ್ಜ? ಸಾಲಲ್ಲಿ ನಿಲ್ಲು. ಇದೇನು ನಿಮ್ಮಪ್ಪನ ಭಟ್ಟಿನಾ?”

“ನಮ್ಮಪ್ಪಂದಾಗಿದ್ರೆ ಇಷ್ಟು ಮಸಿ ಇರ್ತಿರಲಿಲ್ಲ. ಗುಡಿಸಿರ್ತಿದ್ದ.”

ಸಾಲಿನಲ್ಲಿ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಬುಷ್ತಾ ಉದ್ದ ಕೈಯ ಸಲಿಕೆ ಎತ್ತಿದ. ಹುಡುಗಿ ಜಪ್ಪಯ್ಯ ಅಂದರೂ ಹಿಂದೆ ಸರಿಯಲಿಲ್ಲ. ಅವನು ಗೊಣಗುತ್ತಲೇ ಅವಳ ರೊಟ್ಟಿ ಒಳಗೆ ತಳ್ಳಿದ. ಮಾರನೇ ದಿನ ಭಟ್ಟಿ ಗುಡಿಸಿತ್ತು. ಯಾಕೆ ಅಂತ ಕೇಳಿದ ಕ್ಷೌರದವನಿಗೆ ಸರಿಯಾಗಿ ಉಗಿಸಿಕೊಳ್ಳುವ ಭಾಗ್ಯ ಸಿಕ್ಕಿತು.

ಆಮೇಲೆ ದಿನವೂ ಅದೇ ಕಥೆ. ಬತೂಲ್ ಹಿಟ್ಟಿನ ಚೀಲದ ಮೇಲೆ ಕಾಲು ಆಡಿಸುತ್ತಾ ಕೂರುತ್ತಿದ್ದಳು, ಇಬ್ಬರೂ ಕಚ್ಚಾಡುತ್ತಿದ್ದರು. ಊರಲ್ಲಿ ಒಂದನೇ ತರಗತಿ ಓದಿದ್ದಳಂತೆ. ಹಲಗೆ ಮೇಲಿನ ಹಿಟ್ಟಿನಲ್ಲಿ ಬೆರಳಾಡಿಸಿ ಅವನಿಗೆ ಅರಬ್ಬಿ ಅಕ್ಷರ ಹೇಳಿಕೊಡುತ್ತಿದ್ದಳು. “ನಿನ್ನ ಹೆಸರಲ್ಲಿ ಇರೋದೇ ಐದಕ್ಷರ. ಅದೂ ಬರಲ್ವಲ್ಲ, ನಾಚಿಕೆ ಆಗಲ್ವಾ?” “ನಿಂಗೆ ರೊಟ್ಟಿ ತಿರುವಾಕಕ್ಕೆ ಬರುತ್ತೇನೇ?” “ಅದಕ್ಕೆ ನೀನಿದ್ದೀಯಲ್ಲ.” ಇಂಥ ಬಾಯಿಬಡುಕಿಯನ್ನು ಯಾರು ತಾನೇ ಸಹಿಸಿಕೊಳ್ಳುತ್ತಾರೆ? ಬುಷ್ತಾ ಸಹಿಸಿಕೊಂಡ. ಅಷ್ಟೇ ಅಲ್ಲ, ಅವಳ ರೊಟ್ಟಿಯನ್ನು ಬೇಕಂತಲೇ ಶಾಖ ಕಮ್ಮಿ ಇರುವ ಮೂಲೆಗೆ ಹಾಕತೊಡಗಿದ, ಬೇಯಲು ಹೊತ್ತು ಹಿಡಿಯಲಿ, ಹುಡುಗಿ ಇನ್ನೊಂದು ಗಳಿಗೆ ಕೂರಲಿ ಅಂತ.

ಎರಡನೇ ಚಳಿಗಾಲದ ಒಂದು ಬೆಳಿಗ್ಗೆ ಸಾದಿಯಾಳ ಮನೆಯ ಹಿಟ್ಟಿನ ಮೇಲಿದ್ದ ಬೆರಳಿನ ಗುಳಿಗಳು ಅವನ ಕಣ್ಣಿಗೆ ಬಿದ್ದವು. ಕಡಲೆಕಾಳಿನಷ್ಟು ಪುಟ್ಟ ಗುಳಿಗಳು. ಅವನು ಸಲಿಕೆ ಕೆಳಗಿಟ್ಟ.

“ಇದನ್ನ ನಾದಿದ್ದು ಯಾರು?”

ಬತೂಲ್ ಅತ್ತಿತ್ತ ನೋಡಿ ಹೇಳಿದಳು. ಸಾದಿಯಾ ಅವಳ ದೊಡ್ಡಮ್ಮನೂ ಅಲ್ಲ, ಎಂಥದೂ ಅಲ್ಲ. ಸ್ಕೂಲಿಗೆ ಸೇರಿಸುತ್ತೇನೆಂದು ಊರಿಂದ ಕರೆತಂದವಳು. ಸ್ಕೂಲು ಇವತ್ತಿನವರೆಗೂ ಇಲ್ಲ. ಈ ವಾರದಿಂದ ಬೆಳಗಾಗುವ ಮೊದಲೇ ಎದ್ದು, ಸ್ಟೂಲು ಹತ್ತಿ ನಿಂತು, ಆರು ಜನರ ಹಿಟ್ಟನ್ನೂ ಅವಳೇ ನಾದಬೇಕು. ಆಮೇಲೆ ನೆಲ, ಪಾತ್ರೆ, ಬಟ್ಟೆ. ಹಬ್ಬಕ್ಕೆ ಎರಡು ದಿನ ಅಮ್ಮನ ಹತ್ತಿರ ಬಿಡುತ್ತಾರೆ, ಅಲ್ಲೂ ಸ್ಕೂಲಿಗೆ ಹೋಗುತ್ತಿದ್ದೇನೆ ಅಂತಲೇ ಹೇಳಬೇಕು.

“ಯಾರಿಗೂ ಹೇಳಬೇಡ ಅಜ್ಜಾ. ಹೇಳಿದ್ರೆ ಕಾಸಾಬ್ಲಾಂಕಾದಲ್ಲಿರೋ ಅವಳ ಅಕ್ಕನ ಮನೆಗೆ ಹಾಕ್ತಾಳಂತೆ. ಅಲ್ಲಿಂದ ಹಬ್ಬಕ್ಕೂ ಬಿಡಲ್ವಂತೆ. ಆಣೆ ಮಾಡು.”

ಆಣೆ ಮಾಡಿದ. ಹಲ್ಲು ಕಚ್ಚಿ ಸುಮ್ಮನಿದ್ದ. ಚಳಿಗಾಲ ಕಳೆಯಿತು, ವಸಂತ ಕಳೆಯಿತು.

ಜೂನ್ ತಿಂಗಳಲ್ಲಿ ಒಂದು ದಿನ ಫುಟ್‌ಬಾಲ್ ವಿಷಯಕ್ಕೆ ಕ್ಷೌರದವನ ಜೊತೆ ಜಗಳಕ್ಕೆ ಬಿದ್ದು ಬುಷ್ತಾ ಮೈಮರೆತ. ಸಾದಿಯಾಳ ಎರಡು ರೊಟ್ಟಿ ಕಪ್ಪಗಾದವು. ಮರುದಿನ ಬತೂಲ್‌ಳ ಕೆನ್ನೆ ಊದಿಕೊಂಡಿತ್ತು, ಮೇಲೆ ಐದು ಬೆರಳ ಗುರುತು ಮೂಡಿತ್ತು.

“ಬಿದ್ದೆ,” ಅಂದಳು.

“ಯಾರ ಕೈ ಮೇಲೆ ಬಿದ್ದೆ?”

ಅವಳು ಹಲಗೆ ಹೊತ್ತು ಹೋದಳು. ಬುಷ್ತಾನ ಮೈಯೆಲ್ಲ ಉರಿಯುತ್ತಿತ್ತು. ತಪ್ಪು ತನ್ನದು, ಏಟು ಆ ಮಗುವಿಗೆ. ಅದೇ ಹೊತ್ತಿಗೆ ಸರಿಯಾಗಿ ರೇಷ್ಮೆ ನಿಲುವಂಗಿ ತೊಟ್ಟ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, ಸಾದಿಯಾಳ ಮಗಳು ನವಾಲ್‌ಳನ್ನು ನಮ್ಮ ಹುಡುಗನಿಗೆ ನೋಡಿದ್ದೇವೆ, ಮನೆ ಹೇಗೆ, ಹುಡುಗಿಯ ಕೈ ಹೇಗೆ ಎಂದು ನಯವಾಗಿ ಕೇಳಿದಳು. ಮನೆಯ ರೊಟ್ಟಿಯೆಲ್ಲ ನಮ್ಮ ನವಾಲ್‌ದೇ ಅಂತ ಸಾದಿಯಾ ಕೊಚ್ಚಿಕೊಂಡಿದ್ದಳಂತೆ.

“ನವಾಲ್‌ದಾ?” ಬುಷ್ತಾ ಕಿರುಚಿದ. “ಆ ಹುಡುಗಿ ಹಿಟ್ಟಿನ ಬಣ್ಣ ನೋಡಿದ್ದಾಳೋ ಇಲ್ವೋ ಕೇಳಮ್ಮ! ಒಂಬತ್ತು ವರ್ಷದ ಕೂಸು ನಾದುತ್ತೆ ಆ ಮನೇಲಿ. ನಾದಿಸಿ ನಾದಿಸಿ ಹೊಡೀತಾರೆ. ಹೋಗಿ ಸಂಬಂಧ ಮಾಡ್ಕೊಳ್ಳಿ, ಹೋಗಿ!”

ಹೇಳಿ ಮುಗಿಸಿದಾಗ ಎದೆ ಹಗುರಾಯಿತು. ಹಾಳಾದ್ದು, ಆ ಹಗುರದಲ್ಲಿ ಅವನಿಗೆ ಆಣೆ ನೆನಪಾಗಲಿಲ್ಲ. ರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದ.

ಬೆಳಿಗ್ಗೆ ಹಲಗೆ ತಂದವಳು ನವಾಲ್. ಒಂದು ರೊಟ್ಟಿ ದಪ್ಪ, ಒಂದು ತೆಳು. ಕಣ್ಣು ಕೆಂಪಗಾಗಿತ್ತು.

“ಸಮಾಧಾನ ಆಯ್ತಾ? ಸಂಬಂಧ ಮುರೀತು. ಅಮ್ಮ ಅವಳನ್ನ ಮನೆಗೆಲಸಕ್ಕೆ ಮಕ್ಕಳನ್ನ ಹೊಂದಿಸೋ ದಲ್ಲಾಳಿ ಹೆಂಗಸಿನ ಜೊತೆ ಕಾಸಾಬ್ಲಾಂಕಾಗೆ ಕಳಿಸ್ತಿದ್ದಾಳೆ. ಒಂಬತ್ತು ಗಂಟೆ ಬಸ್ಸು.” ಅಷ್ಟು ಹೇಳಿದವಳು ದನಿ ತಗ್ಗಿಸಿದಳು. “ಓಡು, ಇನ್ನೂ ಹೊತ್ತಿದೆ.”

ಭಟ್ಟಿ ತುಂಬ ರೊಟ್ಟಿ ಇತ್ತು. ನಲವತ್ತು ವರ್ಷದಲ್ಲಿ ಬೆಂಕಿ ಬಿಟ್ಟು ಬಾಗಿಲು ದಾಟದವನು ಸಲಿಕೆ ಬಿಸಾಕಿ ಓಡಿದ. ಮಂಡಿನೋವು ಎಲ್ಲಿ ಹೋಗಿತ್ತೋ. ದಾರಿಯುದ್ದಕ್ಕೂ ಸಾದಿಯಾಗೆ ಬೈದ, ದಲ್ಲಾಳಿಗೆ ಬೈದ, ಕೊನೆಗೆ ತನ್ನ ನಾಲಿಗೆಗೆ ಬೈದುಕೊಂಡ.

ನಿಲ್ದಾಣದಲ್ಲಿ ಬಸ್ಸು ಆಗಲೇ ಗುರುಗುಟ್ಟುತ್ತಿತ್ತು. ಕಿಟಕಿ ಪಕ್ಕ ಬತೂಲ್ ಒಂದು ಬಟ್ಟೆ ಗಂಟು ಅಪ್ಪಿಕೊಂಡು ಕೂತಿದ್ದಳು. ಅವನನ್ನು ಕಂಡು ಮುಖ ತಿರುಗಿಸಿದಳು.

“ಇಳಿಯೇ! ಊರಿಗೆ ಹೋಗೋಣ, ನಿಮ್ಮಮ್ಮನ ಹತ್ರ.”

“ಆಣೆ ಮಾಡಿದ್ದೆ ನೀನು.”

“ತಪ್ಪಾಯ್ತು,” ಬುಷ್ತಾ ಗಡ್ಡದೊಳಗೇ ಹೇಳಿದ.

“ಕೇಳಿಸಲಿಲ್ಲ. ಕತ್ತೆಗೆ ಬೈಯೋವಾಗ ಊರಿಗೆಲ್ಲ ಕೇಳಿಸುತ್ತಲ್ಲ, ಇದು ಮಾತ್ರ ಯಾಕೆ ಇಷ್ಟು ಮೆಲ್ಲಗೆ?”

ಬುಷ್ತಾ ಬಸ್ಸಿನ ಮುಂದೆ ಹೋಗಿ ನಿಂತ. ಹಿಟ್ಟು ಮೆತ್ತಿದ ಎರಡೂ ಕೈ ಎತ್ತಿ ಗಂಟಲು ಹರಿಯುವಂತೆ ಕೂಗಿದ: “ತಪ್ಪಾಯ್ತು ಕಣವ್ವಾ! ನಂದೇ ತಪ್ಪು! ಕೇಳ್ರೀ ಎಲ್ಲರೂ, ಈ ಮಗೂನ ಸ್ಕೂಲು ಅಂತ ಕರ್ಕೊಂಡು ಬಂದು ಜೀತಕ್ಕೆ ಹಾಕಿದ್ದಾರೆ, ಈಗ ಇನ್ನೊಂದು ಮನೆಗೆ ಸಾಗಿಸ್ತಿದ್ದಾರೆ! ನನ್ನ ಮೇಲೆ ಹತ್ತಿಸ್ಕೊಂಡು ಹೋಗು ಡ್ರೈವರಪ್ಪಾ, ಧೈರ್ಯ ಇದ್ರೆ!”

ಡ್ರೈವರು ಹಾರನ್ ಬಾರಿಸಿದ. ಬುಷ್ತಾ ಹಾರನ್ನಿಗೂ ಬೈದ. ಜನ ಸೇರಿದರು, ಪೊಲೀಸಿನವನೊಬ್ಬ ಆ ಕಡೆಯಿಂದ ಹೆಜ್ಜೆ ಹಾಕಿದ. ಅವನ ಟೋಪಿ ಕಂಡದ್ದೇ ತಡ, ದಲ್ಲಾಳಿ ಹೆಂಗಸು ಹಿಂದಿನ ಬಾಗಿಲಿಂದ ಇಳಿದು ಮಂಗಮಾಯ. ಯಾರಮ್ಮಾ ಇವನು ಎಂದು ಪೊಲೀಸಿನವನು ಬತೂಲ್‌ಳನ್ನು ಕೇಳಿದ.

“ನಮ್ಮ ಭಟ್ಟಿ ಅಜ್ಜ,” ಅಂದಳು ಅವಳು ಮೆಟ್ಟಿಲು ಇಳಿಯುತ್ತಾ. “ಬಾಯಿ ಕೆಟ್ಟದ್ದು. ಹೊಡಿಯೋದಿಲ್ಲ.”

ಪೊಲೀಸಿನವನು ಠಾಣೆಗೆ ಕರೆದೊಯ್ದು ಸಾದಿಯಾಳ ಹೆಸರು ಬರೆದುಕೊಂಡ, ಅಮ್ಮನಿಗೆ ಫೋನು ಹಚ್ಚಿಸಿದ. ಫೋನಿನಲ್ಲಿ ಅಮ್ಮನ ಅಳು ಠಾಣೆಗೆಲ್ಲ ಕೇಳಿಸಿತು. ಅಮ್ಮ ಹೂಂ ಅಂದ ಮೇಲೆ ಮಧ್ಯಾಹ್ನ ಬುಷ್ತಾ ಬತೂಲ್‌ಳನ್ನು ತೌನಾತ್ ಬಸ್ಸಿನಲ್ಲಿ ಕರೆದೊಯ್ದ. ಗುಡ್ಡದ ಕೆಳಗೆ ತಾಯಿ ಬರಿಗಾಲಲ್ಲಿ ಓಡಿ ಬಂದಳು, ಮಗಳ ಊದಿದ ಕೆನ್ನೆ ಸವರಿದಳು. ಅವಳು ಎಷ್ಟು ಹೊತ್ತಾದರೂ ಮಗಳ ಕೈ ಬಿಡಲಿಲ್ಲ.

“ಸೆಪ್ಟೆಂಬರಲ್ಲಿ ಸ್ಕೂಲು ಶುರು. ಸೇರಿಸಲಿಲ್ಲ ಅಂದ್ರೆ ಇಲ್ಲಿಗೇ ಬಂದು ಕೂಗಾಡ್ತೀನಿ,” ಎಂದ ಬುಷ್ತಾ.

“ಸೇರಿಸಮ್ಮಾ,” ಎಂದಳು ಬತೂಲ್. “ಇವನು ನಿಜವಾಗ್ಲೂ ಬರ್ತಾನೆ.”

ಸಂಜೆ ಅವನು ಓಣಿಗೆ ಮರಳಿದಾಗ ಭಟ್ಟಿಯ ಮುಂದೆ ಸಂತೆಯಂತೆ ಜನ ಸೇರಿದ್ದರು. ಒಬ್ಬೊಬ್ಬರ ಕೈಯಲ್ಲೂ ಇದ್ದಿಲಾದ ರೊಟ್ಟಿ. ಮಕ್ಕಳು ಉಪವಾಸ ಅಂದರು, ಬೇಜವಾಬ್ದಾರಿ ಮುದುಕ ಅಂದರು, ನಾಳೆಯಿಂದ ಬೇರೆ ಭಟ್ಟಿ ಅಂದರು. ಬುಷ್ತಾ ಎಲ್ಲರೂ ಮುಗಿಸಲಿ ಅಂತ ಕಾದ.

“ಆಯ್ತಾ? ಈಗ ನನ್ನ ಮಾತು ಕೇಳಿ. ಎರಡು ವರ್ಷ ಆ ಕೂಸು ಹಲಗೆ ಹೊತ್ತು ನಿಮ್ಮ ಕಣ್ಣ ಮುಂದೇ ಓಡಾಡ್ತು. ಸ್ಕೂಲು ಹೊತ್ತಲ್ಲಿ ಇಲ್ಲಿ ಯಾಕಿದೆ ಅಂತ ಒಬ್ಬರಾದ್ರೂ ಕೇಳಿದ್ರಾ? ಆಗ ಬಾಯಿಗೆ ಬೀಗ ಹಾಕ್ಕೊಂಡಿದ್ರಿ. ಒಂದೇ ಒಂದು ದಿನ ರೊಟ್ಟಿ ಸುಟ್ಟಿದ್ದಕ್ಕೆ ಇಡೀ ಓಣಿ ಬಂದು ನಿಂತಿದೆ! ಥೂ, ನಿಮ್ಮ ಜನ್ಮಕ್ಕಿಷ್ಟು!”

ಸಾದಿಯಾಳ ಮನೆಯ ಕಿಟಕಿ ಮುಚ್ಚಿಕೊಂಡಿತು. ಆಗ ಗೋಡೆ ಬದಿ ಕೂತಿದ್ದ ಮುದುಕಿ ಹಜ್ಜಾ ತಾಮು ತಲೆ ಎತ್ತಿದಳು. ಹಜ್ ಯಾತ್ರೆ ಮುಗಿಸಿ ಬಂದವಳು, ಓಣಿಗೆಲ್ಲ ಹಿರಿಯಳು, ಬುಷ್ತಾನನ್ನು ಚಡ್ಡಿ ಹಾಕುವಾಗಿನಿಂದ ಬಲ್ಲವಳು.

“ನಾವು ಪಾಪಿಗಳೇ ಕಣೋ, ಒಪ್ಪಿಕೊಂಡೆ. ನಿಂಗೆ ಯಾವಾಗ ಗೊತ್ತಾಯ್ತು?”

“ಹೋದ ಚಳಿಗಾಲ.”

“ಈಗ ಜೂನು.”

“ಯಾರಿಗೂ ಹೇಳಬೇಡ ಅಂತ ಅವಳೇ ಆಣೆ ಹಾಕಿಸ್ಕೊಂಡಿದ್ಲು.”

“ಅವಳಿಗೆ ಒಂಬತ್ತು ವರ್ಷ,” ಎಂದಳು ತಾಮು. “ನಿಂಗೆಷ್ಟು?”

ಜನ ಒಬ್ಬೊಬ್ಬರಾಗಿ ಕರಗಿದರು. ಬುಷ್ತಾ ಒಳಗೆ ಹೋಗಿ, ಮೂಲೆಯಲ್ಲಿ ಉಳಿದಿದ್ದ ಸುಟ್ಟ ರೊಟ್ಟಿಗಳನ್ನು ಒಂದೊಂದಾಗಿ ಹೊರಗೆಳೆಯತೊಡಗಿದ.