ಪಕ್ಕದ ಮನೆಯ ಹೆಪ್ಪು

ಸಂಜೆಯಾದರೆ ನಮ್ಮ ಹಿತ್ತಲ ಗೋಡೆಯ ಮೇಲೆ ಒಂದು ಸ್ಟೀಲ್ ಬಟ್ಟಲು ಬಂದು ಕೂರುತ್ತಿತ್ತು. ಪಕ್ಕದ ಮನೆಯ ನಂಜಮ್ಮ ಹೆಪ್ಪಿಗೆಂದು ಅದರಲ್ಲಿ ಒಂದಿಷ್ಟು ಮೊಸರು ಇಡುತ್ತಿದ್ದರು. ಅಮ್ಮ ಸ್ವಂತ ಹೆಪ್ಪು ಉಳಿಸಿಕೊಂಡವಳೇ ಅಲ್ಲ. "ಗೋಡೆ ಆಚೆ ಇರುವಾಗ ಇಲ್ಲೊಂದು ಯಾಕೆ?" ಅನ್ನುತ್ತಿದ್ದಳು. ಬಟ್ಟಲನ್ನು ಮಾತ್ರ ಬರಿದಾಗಿ ಹಿಂದಿರುಗಿಸುತ್ತಿರಲಿಲ್ಲ. ನಾಲ್ಕು ಕರಿಬೇವಿನ ಎಸಳನ್ನಾದರೂ ಹಾಕಿ ಇಡುತ್ತಿದ್ದಳು.

ನಾನು ಕೆಲಸಕ್ಕೆ ಸೇರಿದ ಕಚೇರಿಯಲ್ಲೂ ಇದೇ ಪದ್ಧತಿ ಕಂಡು ನಗು ಬಂದಿತ್ತು. ಊರಿನ ರಕ್ತನಿಧಿಯ ವೆಬ್‌ಸೈಟನ್ನು ನಾವು ನೋಡಿಕೊಳ್ಳುತ್ತಿದ್ದೆವು. ಯಾರಿಗೆ ರಕ್ತ ಬೇಕಾದರೂ ತಕ್ಕ ದಾನಿಯನ್ನು ಆರಿಸಿಕೊಡುವ ಕೋಡ್ ಮಾತ್ರ ನಮ್ಮದಲ್ಲ. ದೂರದ ಸರ್ವರಿನಲ್ಲಿ ಮಲ್ಲಿನಾಥ ಎಂಬಾತ ಇಟ್ಟಿದ್ದ ಕಡತ ಅದು. ಕೇಳಿದವರಿಗೆಲ್ಲ ಪುಕ್ಕಟೆ ಕೊಟ್ಟಿದ್ದನಂತೆ. ನಮ್ಮಲ್ಲಿದ್ದದ್ದು ಅದರ ವಿಳಾಸದ ಒಂದೇ ಸಾಲು. ಯಾರಾದರೂ ಪುಟ ತೆರೆದಾಗಲೆಲ್ಲ ಕಡತ ಅಲ್ಲಿಂದ ಬಂದು, ನಾವೇ ಬರೆದದ್ದೆಂಬಂತೆ ನಮ್ಮ ಸರ್ವರಿನೊಳಗೆ ಓಡುತ್ತಿತ್ತು.

"ಅವನು ಅಲ್ಲಿ ಏನು ಬರೆದರೂ ಇಲ್ಲಿ ನಡೆಯುತ್ತೆ ಮೇಡಂ. ದಾನಿಗಳ ಹೆಸರು, ಫೋನು ಎಲ್ಲ ಅವನ ಕೈಗೆ ಸಿಗುತ್ತೆ," ಎಂದಿದ್ದೆ ನಾನು.

"ನಡೀತಿದೆಯಲ್ಲ, ಸುಮ್ನೆ ಮುಟ್ಟಬೇಡ ಕಣೇ," ಎಂದಿದ್ದರು ನನ್ನ ಮೇಲಧಿಕಾರಿ ಚಂಪಕಾ ಮೇಡಂ.

ಒಂದು ಬೆಳಿಗ್ಗೆ ಪುಟದ ತಲೆಯ ಮೇಲೆ ನಾವಾರೂ ಬರೆಯದ ಸಾಲೊಂದು ಕಾಣಿಸಿತು: "ಸೈಟ್ ನೋಡಿಕೊಳ್ಳುವವರು ಕಡತ ತೆರೆದು ಓದಿ. ತಡ ಮಾಡಬೇಡಿ."

ಮೇಡಂ ಮುಖ ಬಿಳಿಚಿಕೊಂಡಿತು. "ಯಾರೋ ಒಳಗೆ ನುಗ್ಗಿದಾರೆ. ಆ ವಿಳಾಸ ಕಿತ್ತುಹಾಕು!"

ಕಿತ್ತೆ. ದಾನಿಗಳ ಹುಡುಕಾಟವೂ ನಿಂತಿತು. ಅಷ್ಟರಲ್ಲೇ ಹೆರಿಗೆ ಆಸ್ಪತ್ರೆಯಿಂದ ಸಿಸ್ಟರ್ ಫಿಲೋಮಿನಾ ಫೋನ್ ಮಾಡಿದರು. "ಏನ್ರೀ, ನಿಮ್ಮ ಪುಟ ಖಾಲಿ ಬರ್ತಿದೆ? ಬಾಣಂತಿಗೆ ರಕ್ತಸ್ರಾವ ನಿಲ್ತಿಲ್ಲ. ಓ ನೆಗೆಟಿವ್ ಬೇಕು, ಇಲ್ಲಿ ಒಂದು ಬಾಟ್ಲೂ ಇಲ್ಲ!"

ಕಡತವನ್ನು ಮತ್ತೆ ಒಳಗೆ ಬಿಟ್ಟರೆ ಕಳ್ಳನ ಕೈಗೆ ಕೀಲಿ ಕೊಟ್ಟಂತೆ. ಬಿಡದಿದ್ದರೆ ಆ ಹೆಂಗಸಿನ ಗತಿ? ಅದನ್ನು ಓಡಿಸದೆ, ಸುಮ್ಮನೆ ಬ್ರೌಸರಿನಲ್ಲಿ ತೆರೆದು ಓದತೊಡಗಿದೆ. ಪ್ರತಿ ಸಾಲಿನಲ್ಲೂ ಮೋಸ ಹುಡುಕಿದೆ. ಎಲ್ಲವೂ ಹಳೆಯ ಸಾಲುಗಳೇ. ಕೊನೆಯಲ್ಲಿ ಮಾತ್ರ ಒಂದು ಟಿಪ್ಪಣಿಯಿತ್ತು.

"ನನಗೆ ಕಾಯಿಲೆ. ಈ ವಿಳಾಸದ ಬಾಡಿಗೆ ಕಟ್ಟಲಾರೆ, ಇನ್ನು ಇದು ಬೇರೆಯವರ ಪಾಲಾಗುತ್ತದೆ, ಅವರು ಎಂಥವರೋ ಏನೋ. ಇದನ್ನು ನಿಮ್ಮಲ್ಲೇ ಇಳಿಸಿಟ್ಟುಕೊಳ್ಳಿ. ಇಷ್ಟು ದಿನ ನಿಮ್ಮ ಮನೆಯೊಳಗೆ ಬಂದುಹೋಗುತ್ತಿದ್ದೆ, ಏನನ್ನೂ ಮುಟ್ಟಿಲ್ಲ. ಮಲ್ಲಿನಾಥ."

ಅಳು ಬಂತು. ಅಳಲು ಪುರಸೊತ್ತಿರಲಿಲ್ಲ. ಕಡತವನ್ನು ನಕಲು ಮಾಡಿ ನಮ್ಮ ಸರ್ವರಿನಲ್ಲಿಟ್ಟು ಪುಟಕ್ಕೆ ಜೋಡಿಸಿದೆ. ಓ ನೆಗೆಟಿವ್ ಎಂದು ಹುಡುಕಿದೊಡನೆ ಬಸ್ ನಿಲ್ದಾಣದ ಸೋಡಾ ಅಂಗಡಿಯವನ ಹೆಸರು ಬಂತು. ಫೋನ್ ಹೋದೊಡನೆ ಅಂಗಡಿಯನ್ನು ಹಾಗೇ ಬಿಟ್ಟು ಆಸ್ಪತ್ರೆಗೆ ಓಡಿದನಂತೆ.

ಮಧ್ಯಾಹ್ನ ಸಿಸ್ಟರ್ ಫೋನ್ ಬಂತು. "ಉಳಿದ್ಲು ಕಣ್ರೀ."

ಮಲ್ಲಿನಾಥನಿಗೆ ಬರೆದ ಯಾವ ಓಲೆಗೂ ಉತ್ತರ ಬರಲಿಲ್ಲ. ಮುಂದೆ ಅವನ ವಿಳಾಸ ತೆರೆದರೆ ಜೂಜಿನ ಜಾಹೀರಾತು ಕುಣಿಯುತ್ತಿತ್ತು.

ಬಾಣಂತಿ ಉಳಿದ ದಿನ ಸಂಜೆ ನಾನು ಮನೆಯಲ್ಲಿ ಹೆಪ್ಪಿಗೆಂದು ಒಂದು ಚಮಚ ಮೊಸರು ಬೇರೆ ತೆಗೆದಿಟ್ಟೆ. "ಇದೇನೇ ಹೊಸ ಶಾಸ್ತ್ರ?" ಎಂದಳು ಅಮ್ಮ. ನಾನು ನಂಜಮ್ಮನವರ ಬಟ್ಟಲಿಗೆ ಕರಿಬೇವು ತುಂಬಿ ಗೋಡೆಯ ಮೇಲಿಟ್ಟೆ. ಮಲ್ಲಿನಾಥನ ಬಟ್ಟಲನ್ನು ಇಡಲು ಮಾತ್ರ ನನಗೆ ಇವತ್ತಿಗೂ ಗೋಡೆ ಸಿಕ್ಕಿಲ್ಲ.